ಹಂಪಸಾಗರದ ಕಾರ್ಡು

ರೇಡಿಯೋದಲ್ಲಿ ಮಾತಾಡುವವನನ್ನು ಜನ ತಲೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಅದು ಜನರ ತಪ್ಪಲ್ಲ. ಕೂತವನು ಅಲ್ಲೇ ಮನೆ ಕಟ್ಟಲು ನೋಡುತ್ತಾನಲ್ಲ, ಅದು ತಪ್ಪು. ತೊಂಬತ್ತರ ದಶಕದ ಕೊನೆಗೆ ನಾನು ಒಂದು ಬಾನುಲಿ ಕೇಂದ್ರದಲ್ಲಿ ತಾತ್ಕಾಲಿಕ ಉದ್ಘೋಷಕನಾಗಿದ್ದೆ. ತಿಂಗಳಿಗೆ ಆರು ದಿನ ಕೆಲಸ. ಮಿಕ್ಕ ದಿನ ನಾನು ಯಾರೂ ಅಲ್ಲ.

ಹಿರೇಹಡಗಲಿ ಕಡೆಯ ಕುರಿ ಕಾಯುವ ಮನೆತನ ನಮ್ಮದು. ಅದರಲ್ಲಿ ಬಿ.ಎ. ಮುಗಿಸಿದ ಮೊದಲನೆಯವನು ನಾನು. ಇದನ್ನು ಈಗಲೂ ಎದೆ ಎತ್ತಿಯೇ ಹೇಳುತ್ತೇನೆ. ಅಕ್ಕನನ್ನು ಮೂರನೇ ಕ್ಲಾಸಿಗೇ ಬಿಡಿಸಿ ಮರಿ ಕಾಯಲು ಹಚ್ಚಿದರು, ಅದಕ್ಕೇ ನಾನು ಓದಿದೆ ಎನ್ನುವುದನ್ನೂ ಹೇಳಬೇಕು. ಆಗ ಹೇಳುತ್ತಿರಲಿಲ್ಲ.

ಹೂವಿನಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವವಳು ನನ್ನ ದನಿ ಕೇಳಿದ್ದೇ, "ರೇಡಿಯೋ ಸರ್ ಅಲ್ರಿ?" ಎಂದು ಒಂದು ಮಾರು ಮಲ್ಲಿಗೆ ಕೈಗಿಟ್ಟಳು. ಮದುವೆ ಇಲ್ಲದ ನಾನು ಅದನ್ನು ಹಿಡಿದು ಬಸ್ಸಿನಲ್ಲಿ ಕೂತೆ. ಕೊಟ್ಟೂರಿನ ಹೋಟೆಲಿನವನು ಮಂಡಕ್ಕಿ ಮಿರ್ಚಿಗೆ ನನ್ನ ದುಡ್ಡು ಮುಟ್ಟುತ್ತಿರಲಿಲ್ಲ. ಇದೆಲ್ಲದರ ರುಚಿ ಹತ್ತಿತು.

ನಮ್ಮ ಕೆಲಸ ಆರು ತಿಂಗಳಿಗೊಮ್ಮೆ ಮುಂದುವರಿಯಬೇಕು. ಮುಂದುವರಿಸುವವರು ಒಬ್ಬ ಸಾಹೇಬರು. ದನಿ ಹೇಗಿದೆ, ಓದು ಎಷ್ಟಿದೆ, ಅವರಿಗೆ ಬೇಡ. ಮೇಜಿನ ಮೇಲೆ ಕೇಳುಗರ ಕಾರ್ಡುಗಳ ಕಟ್ಟು ಬೀಳಬೇಕು. "ಯಾರಿಗೆ ಪತ್ರ ಬರುತ್ತೋ ಅವರಿಗೆ ಡ್ಯೂಟಿ" ಎನ್ನುವರು. ಅದರಲ್ಲೂ ಅಳು ಬರಿಸುವ ಕಾರ್ಡೆಂದರೆ ಅವರಿಗೆ ಪ್ರಾಣ.

ಹರಪನಹಳ್ಳಿಯ ಕೇಳುಗರ ಬಳಗದ ಅಧ್ಯಕ್ಷನೊಬ್ಬ ಇದನ್ನು ಬಲ್ಲ. ಆ ಬಳಗದಲ್ಲಿ ಅಧ್ಯಕ್ಷನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ನಾಲ್ಕು ಬಣ್ಣದ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಒಂದು ದಿನ ನನ್ನ ಬಳಿ ಬಂದ.

"ಸರ್, ವಾರಕ್ಕೊಂದ್ಸಲ ನನ್ ಹೆಸ್ರು ಓದ್ರಿ ಸಾಕು. ನಿಮ್ ಕಾರ್ಡಿನ ಕತೆ ನಾನ್ ನೋಡ್ಕಂತೀನಿ."

"ನಾ ಡಿಗ್ರಿ ಓದಿದ್ದು ನಿನ್ನ ಕಾರ್ಡಿನ ಮ್ಯಾಲೆ ಬದುಕಾಕ ಅಲ್ಲ, ನಡಿ."

"ಹಂಗಾರೆ ಡಿಗ್ರೀನೇ ಓದ್ಕಂಡು ಕುಂದರ್ರಿ" ಎಂದು ಹೋದ. ಹೋದವನು ನನ್ನ ಜೊತೆಗಾರನೊಬ್ಬನನ್ನು ಹಿಡಿದ. ಅವನ ಕಟ್ಟು ದಪ್ಪವಾಯಿತು. ನನ್ನ ಆರು ದಿನ ನಾಲ್ಕಾದವು. ಮುಂದಿನ ಸಲ ಸೊನ್ನೆ ಎಂದು ಸಾಹೇಬರು ಬಾಯಿಬಿಟ್ಟೇ ಹೇಳಿದರು.

ಊರಲ್ಲಿ ಅಪ್ಪ ಕಟ್ಟೆಗೆ ಕೂತವರಿಗೆಲ್ಲ ಮಗನ ದನಿ ಕೇಳಿಸುತ್ತಿದ್ದ. ಅಪ್ಪನ ಮುಂದೆ ಹೋಗಿ ಕೆಲಸ ಹೋಯಿತು ಎನ್ನುವ ಧೈರ್ಯ ನನಗಿರಲಿಲ್ಲ. ಕಾರ್ಡು ತಂದು ನಾನೇ ಬರೆಯತೊಡಗಿದೆ. ಎಡಗೈಯಲ್ಲಿ ಕೆಲವು, ಬಲಗೈಯಲ್ಲಿ ಕೆಲವು. ಅಂಚೆ ಮುದ್ರೆ ಊರ ಹೆಸರು ಹೇಳಿಬಿಡುತ್ತದಲ್ಲ, ಅದಕ್ಕೆ ಬಸ್ಸು ಹತ್ತಿ ಕೂಡ್ಲಿಗಿಯದನ್ನು ಕೂಡ್ಲಿಗಿಯಲ್ಲೇ, ಹಗರಿಬೊಮ್ಮನಹಳ್ಳಿಯದನ್ನು ಅಲ್ಲೇ ಡಬ್ಬಿಗೆ ಹಾಕಿ ಬರುತ್ತಿದ್ದೆ. ಅಧ್ಯಕ್ಷನನ್ನು ಬೈದು ಅಟ್ಟಿದ ನಾನು ಅವನಿಗಿಂತ ಕಷ್ಟಪಟ್ಟು ಅವನ ಕೆಲಸವನ್ನೇ ಮಾಡಿದೆ.

ಅಕ್ಕನನ್ನು ಕೊಟ್ಟಿದ್ದು ಹಂಪಸಾಗರಕ್ಕೆ. ಅವಳನ್ನು ನೋಡಲು ಹೋದಾಗ ಅಲ್ಲಿಂದ ಒಂದು ಕಾರ್ಡು ಹಾಕಿದೆ. ಅದರಲ್ಲಿ ಒಬ್ಬ ವಿಧವೆಯನ್ನು ಹುಟ್ಟಿಸಿದ್ದೆ. ಗಂಡ ಸತ್ತ ಮೇಲೆ ನಿಮ್ಮ ದನಿಯೇ ನನಗೆ ಆಸರೆ, ಅದಿಲ್ಲದಿದ್ದರೆ ಹೊಳೆಗೆ ಬೀಳುತ್ತಿದ್ದೆ, ಹೀಗೆ.

ಸಾಹೇಬರ ಕಣ್ಣು ತುಂಬಿ ಬಂದವು. "ಏನ್ರೀ ಇದು! ಈ ತಾಯಿಯ ಮಾತು ರೆಕಾರ್ಡ್ ಮಾಡಲೇಬೇಕು. ನಾಳೆ ಜೀಪು ತಗೊಂಡು ಹೋಗೋಣ. ಇದೊಂದು ಆದರೆ ನಿಮ್ಮ ಡ್ಯೂಟಿ ಗಟ್ಟಿ ಅಂದ್ಕೊಳ್ಳಿ."

ಮಾರನೆಯ ದಿನ ಜೀಪನ್ನು ಊರ ಬಾಗಿಲಲ್ಲೇ ನಿಲ್ಲಿಸಿ, ಆಕೆಯ ಮನೆ ಹುಡುಕಿ ಬರುತ್ತೇನೆಂದು ಓಡಿದೆ. ಓಡಿದ್ದು ಅಕ್ಕನ ಮನೆಗೆ. ಅವಳು ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ನಿಂತ ಕಾಲ ಮೇಲೆ ಎಲ್ಲ ಹೇಳಿದೆ.

"ಅಕ್ಕ, ಹತ್ತು ನಿಮಿಷ ಸಾಕು. ನಾ ಹೇಳಿದಂಗ ಹೇಳು. ಕುಂಕುಮ ಒಂಚೂರು ಒರಸ್ಕೋ. ಬಳಿ ಸೆರಗಿನಾಗ ಮುಚ್ಕೋ."

ಅವಳ ಕೈ ಹಿಟ್ಟಿನ ಮೇಲೇ ನಿಂತಿತು.

"ಏನಂದಿ?"

"ಬರೀ ರೇಡಿಯೋಕ್ಕ. ಯಾರಿಗೂ ಗೊತ್ತಾಗಂಗಿಲ್ಲ."

"ನನ್ನ ಗಂಡನ್ನ ಕೊಲ್ಲಾಕ ಜೀಪ್ ತಗೊಂಡು ಬಂದೀಯೇನಲೇ? ಅಗಾ, ಹೊಲದಾಗ ಅದಾನ. ಕರೀಲೇನು? ಅವನ್ನೇ ಕೇಳು, ಸತ್ತೀಯೇನು ಭಾವ ಅಂತ!"

"ನನ್ನ ಕೆಲಸ ಹೋಗತೈತಿ ಅಕ್ಕ."

"ಹೋಗ್ಲಿ. ಇದನ್ನ ಕಲಿಯಾಕ ಕಳಿಸಿದ್ದೇನು ನಿನ್ನ ಸಾಲಿಗೆ? ನಾ ಮರಿ ಕಾದಿದ್ದು ಇದಕ್ಕೇನು?"

ಅಷ್ಟಕ್ಕೇ ಬಿಡಲಿಲ್ಲ. ಹಿಟ್ಟಿನ ಕೈಯಲ್ಲೇ ಜೀಪಿನ ತನಕ ಬಂದು, ಸಾಹೇಬರ ಮುಂದೆ ನಿಂತು ಹೇಳಿದಳು: "ಅಂತಾಕಿ ಯಾರೂ ಇಲ್ರಿ ಈ ಊರಾಗ. ಕಾರ್ಡ್ ಬರದಾವ ಇವನೇ ರೀ, ನನ್ನ ತಮ್ಮ."

ನೆಲ ಬಾಯಿಬಿಡಲಿ ಎಂದು ಕಾದೆ. ಸಾಹೇಬರು ಸಿಟ್ಟಾಗಲಿಲ್ಲ. ಅದು ಇವತ್ತಿಗೂ ನನ್ನ ಮೈ ಉರಿಸುತ್ತದೆ. ವಾಚು ನೋಡಿಕೊಂಡು, ನನಗೆ ಮಾತ್ರ ಕೇಳುವ ಹಾಗೆ ಅಂದರು: "ಎಲ್ಲರೂ ಬರೀತಾರೆ, ನೀವು ಚೆನ್ನಾಗಿ ಬರೆದಿದೀರಿ. ಖಾಲಿ ಟೇಪು ವಾಪಸ್ ಒಯ್ಯೋಕಾಗಲ್ಲ. ಬೇರೆ ಯಾರನ್ನಾದ್ರೂ ನೋಡಿ."

ಆಗಲೇ ಹೊರಟುಬಿಡಬಹುದಿತ್ತು. ಬಸ್ ಸ್ಟಾಪು ಕಣ್ಣೆದುರೇ ಇತ್ತು. ನಾನು ಹಿಂದಿನ ಓಣಿಗೆ ಹೋಗಿ ನಿಜವಾಗಿಯೂ ಗಂಡ ಸತ್ತಿದ್ದ ಒಬ್ಬ ಹೆಂಗಸನ್ನು ಕರೆತಂದೆ. ಆಕೆಯ ಮನೆಯಲ್ಲಿ ರೇಡಿಯೋನೇ ಇರಲಿಲ್ಲ. "ಏನಂತ ಹೇಳಬೇಕ್ರಿ?" ಎಂದು ಕೇಳಿದಳು. ಹೇಳಿಕೊಟ್ಟೆ. ಹೇಳಿಕೊಟ್ಟಿದ್ದನ್ನು ಮುಗಿಸಿ, ಹೇಳಿಕೊಡದ ಅಳುವನ್ನೂ ಅತ್ತಳು. ಸಾಹೇಬರು ಅದನ್ನು ಕತ್ತರಿಸದೆ ಇಟ್ಟುಕೊಂಡರು. ಪ್ರಸಾರದ ದಿನ, "ಇವರು ನಮ್ಮ ನೆಚ್ಚಿನ ಕೇಳುಗರು" ಎಂದು ಹೇಳಿದ ದನಿ ನನ್ನದೇ. ನನಗೆ ಆರು ದಿನ ವಾಪಸ್ ಬಂದವು.

ಆ ವರ್ಷ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ನಾನೇ ಹೋದೆ. ಅಣ್ಣತಮ್ಮಂದಿರೇ ಹೋಗಬೇಕು, ನಮ್ಮಲ್ಲಿ ಪದ್ಧತಿ. ಭಾವ ಕೂರಲು ಕಂಬಳಿ ಹಾಸಿದ, ಮಾತಾಡಿಸಿದ. ಅವನಿಗೆ ಅವಳು ಏನೂ ಹೇಳಿರಲಿಲ್ಲ. ಅವಳು ನೀರಿನ ತಂಬಿಗೆ ನನ್ನ ಮುಂದಿಟ್ಟು ಭಾವನ ಕಡೆ ತಿರುಗಿದಳು.

"ಅಪ್ಪನ್ನ ಕಳಿಸಾಕ ಹೇಳು. ಇವನ ಸಂಗಾಟ ನಾ ಬರಂಗಿಲ್ಲ."

"ಯಾಕ? ಏನಾತು?" ಎಂದ ಭಾವ, ನನ್ನ ಮುಖ ನೋಡುತ್ತ.

ಸಾವಿರಾರು ಮನೆಗೆ ಕೇಳಿಸುವ ಹಾಗೆ ಮಾತಾಡುತ್ತಿದ್ದವನು ನಾನು. ನೀರು ಕುಡಿದು ಎದ್ದೆ. ಮೂರು ದಿನ ಬಿಟ್ಟು ಅಪ್ಪ ಹೋಗಿ ಕರಕೊಂಡು ಬಂದ.