ಗಾಜಿನಡಿಯ ಐದು ಅರ್ಜಿಗಳು

ನಗರಸಭೆಯ ದೂರು ವಿಭಾಗದ ಆ ಮೇಜಿನಲ್ಲಿ ಅವಳು ಕೂತು ಇಪ್ಪತ್ತೆರಡು ವರ್ಷ. ಅರ್ಜಿ ಬಂದ ದಿನವೇ ಮೊಹರು ಒತ್ತಿ ನಂಬರ್ ಹಾಕಬೇಕೆಂಬುದು ನಿಯಮ. ಅವಳ ಪದ್ಧತಿ ಬೇರೆ. ಅಕ್ಕಪಕ್ಕದವರ ಜಗಳದ ಅರ್ಜಿಯಾದರೆ ಕೆಲವು ದಿನ ಮೇಜಿನ ಗಾಜಿನಡಿ ಇಡುತ್ತಿದ್ದಳು. ಮರದ ಕೊಂಬೆ, ಮೋರಿ ನೀರು, ಜೋರು ರೇಡಿಯೊ. ಅಷ್ಟರಲ್ಲಿ ಎಷ್ಟೋ ಜನ ರಾಜಿಯಾಗಿ, ತಲೆ ಕೆರೆದುಕೊಂಡು ಬಂದು ಕಾಗದ ವಾಪಸ್ ಒಯ್ಯುತ್ತಿದ್ದರು. ನಂಬರ್ ಬಿದ್ದ ಮೇಲೆ ಹಾಗೆ ಒಯ್ಯಲಾಗದು.

"ಒಣಗಲಿ ಬಿಡಿ" ಎನ್ನುವುದು ಅವಳ ಮಾತು.

"ಅಕ್ಕಾ, ನನ್ನವೆರಡು ಅಂಗಿನೂ ಅಲ್ಲೇ ಒಣಗ್ಹಾಕ್ಲಾ?" ಎಂದು ಪಕ್ಕದ ಮೇಜಿನ ಗುಮಾಸ್ತ ಕಾಲೆಳೆಯುತ್ತಿದ್ದ.

ಪಾರ್ಕಿನ ಹಿಂದಿನ ರಸ್ತೆಯ ಟೈಲರ್ ಬರೆದ ಅರ್ಜಿಗಳೂ ಗಾಜಿನಡಿ ಸೇರಿದ್ದವು. ಐದೂ ಒಂದೇ ಕಂದು ನಾಯಿಯ ಮೇಲೆ. ಮೊದಲನೆಯದರಲ್ಲಿ ನಾಯಿ ಸರಪಳಿಯಿಲ್ಲದೆ ಪಾರ್ಕಿನಲ್ಲಿ ಓಡಾಡುತ್ತಿತ್ತು. ಎರಡನೆಯದರಲ್ಲಿ ರಸ್ತೆಯ ತಿರುವಿಗೆ ಬಂದಿತ್ತು, ಮೂರನೆಯದರಲ್ಲಿ ಅಂಗಡಿಯ ಮೆಟ್ಟಿಲಿಗೆ. ನಾಲ್ಕನೆಯದರಲ್ಲಿ ಹೊಲಿಗೆ ಯಂತ್ರದ ಕೆಳಗೆ ಮಲಗಿತ್ತು. ಅದು ಎದ್ದುಹೋಗುವ ತನಕ ತಾನು ಕಾಲು ಅಲ್ಲಾಡಿಸಲಿಲ್ಲ ಎಂದು ಟೈಲರ್ ಬರೆದಿದ್ದ. ಐದನೆಯದರಲ್ಲಿ ಇದ್ದದ್ದು ಒಂದೇ ಸಾಲು: "ಈಗೀಗ ಅದು ಬೊಗಳುವುದಿಲ್ಲ."

ನಾಯಿ ಅವಳ ತಮ್ಮನದು. ಮೊದಲ ಅರ್ಜಿ ಓದಿದಾಗಲೇ ಫೋನ್ ಮಾಡಿದ್ದಳು.

"ಏನೂ ಮಾಡಲ್ಲ ಅಕ್ಕ ಅದು. ಆ ಟೈಲರಿಗೆ ತನ್ನ ನೆರಳು ಕಂಡ್ರೂ ಭಯ," ಎಂದು ಅವನು ನಕ್ಕಿದ್ದ.

ಆಮೇಲೆ ಆರನೆಯ ಅರ್ಜಿ ಬರಲಿಲ್ಲ. ಎರಡು ವಾರ ಕಳೆಯಿತು. "ನೋಡಿದ್ಯಾ, ಒಣಗ್ತು," ಎಂದು ಅವಳು ಗುಮಾಸ್ತನಿಗೆ ಹೇಳಿದಳು. ಆದರೂ ಆ ಐದು ಕಾಗದಗಳನ್ನು ಹರಿಯಲು ಕೈ ಬರಲಿಲ್ಲ.

ಮೂರನೆಯ ವಾರ ಟೈಲರ್ ತಾನೇ ಬಂದ. ಬಲಗೈಗೆ ಮೊಣಕೈಯಿಂದ ಬೆರಳ ತುದಿಯವರೆಗೆ ಬ್ಯಾಂಡೇಜು.

"ಕಚ್ಚಿ ಹದಿನೆಂಟು ದಿನ ಆಯ್ತು ಮೇಡಂ. ಕತ್ತರಿ ಹಿಡಿಯೋ ಬೆರಳೇ ಬಗ್ಗಲ್ಲ. ಬರೆಯೋಕಾಗಲ್ಲ, ನೀವೇ ಬರ್ಕೊಳ್ಳಿ. ಹಾಗೇ ಹಿಂದಿನ ಐದರ ನಂಬರ್ ಕೊಡಿ, ವಕೀಲರು ಕೇಳಿದಾರೆ. ನಾಯಿ ಇನ್ನೂ ಹಾಗೇ ತಿರುಗ್ತಿದೆ."

ಅವಳು ಅವನೆದುರಿಗೇ ತಮ್ಮನಿಗೆ ಫೋನ್ ಮಾಡಿದಳು. "ಕಚ್ಚಿದ್ದು ಯಾಕೆ ಮುಚ್ಚಿಟ್ಟೆ? ಈಗಲೇ ಆಫೀಸಿಗೆ ಬಾ." ಇಟ್ಟುಬಿಟ್ಟಳು.

ಟೈಲರ್ ಹೇಳಿದ್ದನ್ನು ಆರನೆಯ ಅರ್ಜಿಯಾಗಿ ಬರೆದುಕೊಂಡಳು. ಗಾಜು ಎತ್ತಿದಾಗ ಕೆಳಗಿನ ಕಾಗದ ಅಂಟಿಕೊಂಡು ಚರ್ರೆಂದು ಬಿಟ್ಟುಬಂತು. ಮೊಹರಿನ ತಾರೀಕು ಬದಲಿಸುವುದು ಪುಟ್ಟ ಚಕ್ರಗಳಿಂದ. ಉಗುರಿನಿಂದ ಹಿಂದಕ್ಕೆ ತಿರುಗಿಸಿದರೆ ಐದೂ ಬಂದ ದಿನವೇ ದಾಖಲಾದಂತೆ ಆಗುತ್ತದೆ. ಅವಳ ನೌಕರಿ ಉಳಿಯುತ್ತದೆ. ಅವಳು ಚಕ್ರವನ್ನು ಒಂದು ಹಲ್ಲಿನಷ್ಟು ಹಿಂದಕ್ಕೆ ತಿರುಗಿಸಿದಳು. ಗುಮಾಸ್ತನ ಮೇಜಿನಲ್ಲಿ ಪುಟ ಮಗುಚುವ ಸದ್ದು ನಿಂತಿತು.

ಕಾಗದ ಸರಿಯದಿರಲೆಂದು ಟೈಲರ್ ಅಭ್ಯಾಸಬಲದಿಂದ ಬಲಗೈ ಚಾಚಿದ. ಹಿಡಿಯಲಾಗದೆ, ಬ್ಯಾಂಡೇಜಿನ ಕೈಯನ್ನು ಮರದ ತುಂಡಿನಂತೆ ಅದರ ಮೇಲಿಟ್ಟ.

ಅವಳು ಚಕ್ರವನ್ನು ಇಂದಿನ ತಾರೀಕಿಗೆ ತಂದು ಆರು ಸಲ ಮೊಹರು ಒತ್ತಿದಳು. ತಡವಾದದ್ದಕ್ಕೆ ಕಾರಣ ಬರೆಯುವ ಜಾಗದಲ್ಲಿ ಬರೆದಳು: "ನನ್ನ ತಮ್ಮನ ನಾಯಿ. ನಾನೇ ತಡೆದಿಟ್ಟೆ."

ಟೈಲರ್ ಅದನ್ನು ಎರಡು ಸಲ ಓದಿದ. ಆದರೂ ಹೊರಡಲಿಲ್ಲ. ಅವನ ಕಣ್ಣು ಕಿಟಕಿಯಾಚೆ ನೆಟ್ಟಿತ್ತು.

ಗೇಟಿನ ಬಳಿ ಅವಳ ತಮ್ಮ ಸ್ಕೂಟರ್ ನಿಲ್ಲಿಸುತ್ತಿದ್ದ. ಕಂದು ನಾಯಿ ಆಗಲೇ ಒಳಗೆ ಬಂದು ಮೆಟ್ಟಿಲ ಬುಡದಲ್ಲಿ ಕೂತಿತ್ತು. ಸರಪಳಿ ತಮ್ಮನ ಹೆಗಲ ಮೇಲಿತ್ತು.

"ನೀವು ಕೂತ್ಕೊಳ್ಳಿ," ಎಂದು ಟೈಲರನಿಗೆ ಹೇಳಿ, ಆರನೆಯ ಅರ್ಜಿಯ ಪ್ರತಿ ಹಿಡಿದು ಅವಳೇ ಮೆಟ್ಟಿಲಿಳಿದಳು.

"ಏನೂ ಮಾಡಲ್ಲ ಅಕ್ಕ, ಬಾ!" ತಮ್ಮ ಅಲ್ಲಿಂದಲೇ ಕೂಗಿದ.

"ಮೊದಲು ಅದನ್ನ ಕಟ್ಟು."

ನಾಯಿ ಎದ್ದು ನಿಂತಿತು. ಬೊಗಳಲಿಲ್ಲ.