ಬಿದ್ದರೋ, ಬೀಳಿಸಿದರೋ?

...ಅಥವಾ ಮಾವಶಿ ಹಾಗೆ ಹೇಳಲೇ ಇಲ್ಲವೇನೋ. ಅವಳ ಬಾಯಿ ತುಂಬ ಎಲೆಅಡಿಕೆ ಇತ್ತು. ನನ್ನ ಕಿವಿಯ ಮೇಲೂ ನನಗೆ ಅಂಥ ಭರವಸೆಯೇನಿಲ್ಲ.

ವಿಷಯ ಇಷ್ಟು. ನನ್ನ ತಾಯಿಯ ತಂದೆ, ಖಾನಾಪುರದ ಬಾಪೂ ಅಜ್ಜ, ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್. (ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದ ಸಂಗತಿ ಇದೊಂದೇ.) ಮುಂದಿನ ಕಥೆ ಅವರ ಮಗಳು, ಅಂದರೆ ನಮ್ಮ ಮಾವಶಿಯ ಬಾಯಲ್ಲಿ ಒಂದೇ ಸಾಲು, ಅದೂ ಮರಾಠಿಯಲ್ಲಿ: "ವಿಮಾನಾತೂನ ಪಾಡಲಾ, ಕೈದೇತ ಟಾಕಲಾ."

ವಿಮಾನದಿಂದ ಬೀಳಿಸಿದರು, ಸೆರೆಗೆ ಹಾಕಿದರು. ಪಾಡಲಾ ಅಂದರೆ ಬೀಳಿಸಿದರು. ಶತ್ರು ಹೊಡೆದ, ವಿಮಾನ ಉರುಳಿತು, ಅಜ್ಜ ಸೆರೆಯಾದರು. ವೀರ!

ಅದು 'ಪಡಲಾ' ಆಗಿದ್ದರೆ? ಬಿದ್ದ, ಅಷ್ಟೇ. ಮಾವಶಿಯ ಮಗ ಪ್ರಕಾಶನ ವಾದವೇ ಅದು. ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ನಿಂತ ವಿಮಾನದ ರೆಕ್ಕೆಯಿಂದ ಅಜ್ಜ ಜಾರಿದರಂತೆ. ಕುಡಿದಿದ್ದಾನೆಂದು ಸ್ವಂತ ಸಾಹೇಬರೇ ಒಳಗೆ ಹಾಕಿದರಂತೆ. ಒಂದು ದೀರ್ಘ ತಪ್ಪಿದರೆ ವೀರ ಹೋಗಿ ಕುಡುಕ ಬರುತ್ತಾನೆ. ಕಾಗುಣಿತಕ್ಕೆ ಇಷ್ಟು ಶಕ್ತಿಯಿದೆಯೆಂದು ನಮ್ಮ ಭಾಷಾ ಹೋರಾಟಗಾರರಿಗೂ ಗೊತ್ತಿರಲಿಕ್ಕಿಲ್ಲ.

ಈಗೇಕೆ ಈ ರಾಮಾಯಣ? ಮಾವಶಿ ಅಪ್ಪನ ಸ್ಮರಣಾರ್ಥ ಖಾನಾಪುರದ ಬಸ್ ಸ್ಟಾಪಿಗೆ ಕಲ್ಲಿನ ಬೆಂಚು ಕೊಟ್ಟಿದ್ದಾಳೆ. ಊರು ಅವರನ್ನು ಸಾಯುವವರೆಗೂ 'ಬಿದ್ದ ಬಾಪೂ' ಎಂದೇ ಕರೆದಿತ್ತು. ಅದಕ್ಕೆ ಕಲ್ಲಿನಲ್ಲೇ ಉತ್ತರ ಕೊಟ್ಟು ಕಣ್ಣು ಮುಚ್ಚಬೇಕೆಂಬುದು ಅವಳ ಹಟ.

ಕೆತ್ತಿಸುವ ಹೊಣೆ ನನ್ನದು, ಕೆತ್ತುವವನು ಅನಗೋಳದ ಇಸ್ಮಾಯಿಲ್. "ಸರ್ರ, ಬಿದ್ದಾರೋ, ಬೀಳಿಸ್ಯಾರೋ? ಲಗೂ ಹೇಳ್ರಿ. ಕಲ್ಲಿನ ಮ್ಯಾಲೆ ರಬ್ಬರ್ ನಡಿಯಂಗಿಲ್ಲ."

ಮಾವಶಿಗೆ ಫೋನ್ ಮಾಡಿದೆ. "ಪಡಲಾನೋ, ಪಾಡಲಾನೋ?"

"ಪ್...ಡಲಾ! ಅದನ್ನs ಹೇಳಾಕತ್ತೇನಲ್ಲೋ, ಕಿವುಡ್ಯಾ!"

ದೀರ್ಘ ಮತ್ತೆ ಎಲೆಅಡಿಕೆಯಲ್ಲಿ ಮುಳುಗಿತು. ಹೆಸರಷ್ಟೇ ಕೆತ್ತಿಸಿ, ಕೆಳಗಿನ ಸಾಲು ಖಾಲಿ ಬಿಡಿಸಿದೆ.

ಕಳೆದ ಭಾನುವಾರ ಬೆಂಚು ಬಂತು. ಮಾವಶಿಯ ಕಣ್ಣು ನೇರವಾಗಿ ಖಾಲಿ ಜಾಗಕ್ಕೇ ಹೋಯಿತು. "ಉಳಿದದ್ದು ಎಲ್ಲಿ ಐತಿ?"

"ಆಮ್ಯಾಲೆ ಕೆತ್ತಿಸೂಣು. ಮೊದಲ ಕುಂದರು" ಎಂದು ಕೈ ಹಿಡಿದೆ. ಹೊಸ ಪಾಲಿಶ್ ಕಲ್ಲು. ಮಾವಶಿ ಕೂತಳು, ಜಾರಿದಳು, ನೆಲಕ್ಕೆ ಬಂದಳು.

ಬಸ್ಸಿಗೆ ಕಾಯುತ್ತಿದ್ದ ಮುದುಕರೊಬ್ಬರು ನಕ್ಕರು. "ಅಪ್ಪನ ಮಗಳs ಖರೇ! ಇಕಿನೂ ಬಿದ್ಲು!"

ಮಾವಶಿ ಎಲೆಅಡಿಕೆ ಉಗುಳಿ, ನನ್ನತ್ತ ಬೆರಳು ಮಾಡಿ ಗುಡುಗಿದಳು: "ಮೀ ಪಡಲೆ ನಾಹಿ! ಹ್ಯಾನ ಮಲಾ ಪಾಡಲಂ!" ನಾನು ಬೀಳಲಿಲ್ಲ, ಇವನು ನನ್ನನ್ನು ಬೀಳಿಸಿದ! ಆ ದೀರ್ಘ ಲೋಂಡಾದವರೆಗೂ ಕೇಳಿಸಿರಬೇಕು.

ಅವಳನ್ನು ಎಬ್ಬಿಸುತ್ತ ಪ್ರಕಾಶ ಪಿಸುಗುಟ್ಟಿದ, "ದೀರ್ಘ ಬಂತು ನೋಡಣ್ಣಾ. ಅಜ್ಜನ ಕೇಸೂ ಮುಗೀತು."

ಮುಗಿಯಿತೇ? ಬಿದ್ದವರಲ್ಲಿ ತಾನಾಗಿ ಬಿದ್ದೆ ಎಂದವರುಂಟೇ? ಪರೀಕ್ಷೆಯಲ್ಲಿ ಹುಡುಗನನ್ನು ಮಾಸ್ತರು ಫೇಲ್ ಮಾಡುತ್ತಾರೆ. ಚುನಾವಣೆಯಲ್ಲಿ ಪುಢಾರಿಯನ್ನು ಸ್ವಂತ ಪಕ್ಷದವರೇ ಕೆಡವುತ್ತಾರೆ. ಊರಲ್ಲಿ ತಾನಾಗಿ ಜಾರುವುದು ಬಾಳೆಸಿಪ್ಪೆ ಮಾತ್ರ.

ಇಸ್ಮಾಯಿಲನಿಗೆ 'ಶತ್ರುಗಳು ಬೀಳಿಸಿದರು' ಎಂದು ಕೆತ್ತಲು ಹೇಳಿದೆ.

"ಖರೇ ಏನಂತ ಗೊತ್ತಾತೇನ್ರಿ?" ಎಂದ.

ಇಲ್ಲ. ಅಜ್ಜನದು ಗೊತ್ತಿಲ್ಲ. ಮಾವಶಿ ಬಿದ್ದಳೋ, ನಾನು ಬೀಳಿಸಿದೆನೋ, ಅದೂ ಗೊತ್ತಿಲ್ಲ. ಹಿಡಿದಿದ್ದ ಕೈ ಮಾತ್ರ ನನ್ನದೇ.