ಅವ್ವನಿಗೆಂದು ಉಳಿಸಿದ ತುಣುಕು

ಹರಿಹರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಉಜ್ಜನಪ್ಪ ಮೇಷ್ಟ್ರು ಒಂದು ಕಾಲಕ್ಕೆ ಇಂಗ್ಲಿಷಿನಲ್ಲೇ ಫೇಲಾದವರು ಅಂದರೆ ಯಾರೂ ನಂಬುತ್ತಿರಲಿಲ್ಲ. ನಂಬದಿದ್ದರೆ ಬಿಡಿ, ನಡೆದದ್ದು ನಡೆದದ್ದೇ.

ಸಾವಿರದ ಒಂಬೈನೂರ ಐವತ್ನಾಲ್ಕರ ಮಾತು. ಉಜ್ಜನಪ್ಪ ಕಡರನಾಯಕನಹಳ್ಳಿಯ ಮೈಲಪ್ಪನ ಮಗ, ದಾವಣಗೆರೆಯ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದ. ಉಳಿದ ವಿಷಯಗಳೆಲ್ಲ ನೀರು ಕುಡಿದಷ್ಟು ಸಲೀಸು. ಇಂಗ್ಲಿಷ್ ಮಾತ್ರ ಗಂಟಲಿಗೆ ಸಿಕ್ಕ ಮುಳ್ಳು. ಇನ್ನೊಂದು ಸಲ ಫೇಲಾದರೆ ನೇಗಿಲೇ ಗತಿ ಎಂದು ಅಪ್ಪ ಹೇಳಿಬಿಟ್ಟಿದ್ದ.

ಆಗ ಅವನ ಕೈ ಹಿಡಿದವರು ಟಾಡಮ್ಮ. ಅವರು ಮಿಸ್ ವಿನಿಫ್ರೆಡ್ ಟಾಡ್, ಇಂಗ್ಲೆಂಡಿನಿಂದ ಬಂದು ಆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವರು. ಸಂಜೆ ಪಿ.ಜೆ. ಬಡಾವಣೆಯ ಮನೆಯ ಜಗಲಿಯಲ್ಲಿ ಹಿಂದುಳಿದ ಹುಡುಗರನ್ನು ಕೂರಿಸಿಕೊಂಡು ಲೂಕನ ಸುವಾರ್ತೆಯನ್ನು ಇಂಗ್ಲಿಷಿನಲ್ಲಿ ಓದಿಸುತ್ತಿದ್ದರು. "ಇದು ನನ್ನ ದೇವರ ಪುಸ್ತಕ. ನೀವು ನಂಬಬೇಕೆಂಬುದು ನನ್ನ ಆಶೆ. ನಂಬದಿದ್ದರೂ ಪಾಠವು ನಿಲ್ಲದು" ಎಂದು ಮೊದಲ ದಿನವೇ ಹೇಳಿದ್ದರು. ಕನ್ನಡವನ್ನು ಬೈಬಲಿನಿಂದ ಕಲಿತವರು, ಮಾತೂ ಹಾಗೆಯೇ.

ಪರೀಕ್ಷೆಗೆ ಮೂರು ವಾರ ಇದ್ದಾಗ ಒಂದು ಭಾನುವಾರ ಅವರು ಹರಿಹರದ ಚರ್ಚಿಗೆ ಹೊರಟಿದ್ದರು. ಉಜ್ಜನಪ್ಪನೂ ಊರಿಗೆ ಹೊರಟವನು ಅದೇ ಬಸ್ಸಿನಲ್ಲಿದ್ದ, ನೋಡೋಣವೆಂದು ಜೊತೆಗೆ ಹೋದ. ಹಾಡು, ಪ್ರಾರ್ಥನೆ ಮುಗಿದು ಜನ ಸಾಲಾಗಿ ಮುಂದೆ ಹೋಗಿ ಮಂಡಿಯೂರಿದರು. ಪಾದ್ರಿಗಳು ಒಬ್ಬೊಬ್ಬರ ಅಂಗೈಗೂ ಬ್ರೆಡ್ಡಿನ ತುಣುಕು ಇಡುತ್ತಿದ್ದರು. ಪ್ರಸಾದ ಕೊಡುವಾಗ ಹಿಂದೆ ಕೂರುವುದು ಯಾವ ಊರಿನ ಮರ್ಯಾದೆ? ಉಜ್ಜನಪ್ಪನೂ ಹೋದ, ಬಲಗೈ ಮೇಲೆ ಮಾಡಿ ಒಡ್ಡಿದ. ಅರ್ಧ ಬಾಯಿಗೆ ಹಾಕಿಕೊಂಡ. ಪ್ರಸಾದವನ್ನು ಒಬ್ಬರೇ ತಿನ್ನುವುದುಂಟೇ? ಉಳಿದರ್ಧವನ್ನು ಕರವಸ್ತ್ರದಲ್ಲಿ ಕಟ್ಟಿ ಅವ್ವನಿಗೆಂದು ಇಟ್ಟುಕೊಂಡ. ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ ಟಾಡಮ್ಮನಿಗೆ ಇದೊಂದೂ ಕಾಣಲಿಲ್ಲ.

ಮನೆಯಲ್ಲಿ ಅವ್ವ ಉಡಚಮ್ಮ ಅದನ್ನು ಕಣ್ಣಿಗೊತ್ತಿಕೊಂಡು ತಿಂದಳು. ತಿಂದು ಸುಮ್ಮನಿದ್ದಳೇ? ಒಂದು ಚೂರು ನೆರೆಮನೆಯ ಗಿರಿಯಮ್ಮನಿಗೂ ಕೊಟ್ಟಳು.

ಗಿರಿಯಮ್ಮನ ಗಂಡ ಹುಲಿಯಪ್ಪ ಬಂದು ಅಂಗಳದಲ್ಲಿ ನಿಂತ. "ಮೈಲಣ್ಣ, ನಿನ್ ಮಗ ಕಿರಿಸ್ತಾನ ಆಗ್ಯಾನೆ. ನಿನ್ ಹೆಂಡ್ತೀನೂ ಆದ್ಲು. ಈಗ ನನ್ ಹೆಂಡ್ತೀನೂ ಸೇರಿಸ್ಯಾರೆ."

"ಬೆಲ್ಲ ಹಾಕಿರ್ಲಿಲ್ಲ, ಸಪ್ಪಗಿತ್ತು" ಅಂದಳು ಗಿರಿಯಮ್ಮ ಹಿಂದಿನಿಂದ.

ಮೈಲಪ್ಪ ನಗಲಿಲ್ಲ. "ಕಾಲೇಜು ಸಾಕು, ನಾಳೆಯಿಂದ ಹೊಲಕ್ಕೆ ನಡಿ" ಅಂದ.

ಗುರುವಾರ ಟಾಡಮ್ಮ ಎತ್ತಿನ ಗಾಡಿಯಿಂದ ಇಳಿದರು. ನಾಲ್ಕು ದಿನದಿಂದ ಶಿಷ್ಯ ಕಾಣದ್ದಕ್ಕೆ ಹುಡುಕಿಕೊಂಡು ಬಂದಿದ್ದರು. "ಬರ್ರಿ ತಾಯಿ, ಕೂಡ್ರಿ" ಎಂದು ಉಡಚಮ್ಮ ರೊಟ್ಟಿ, ಪುಂಡಿಪಲ್ಲೆ ಇಟ್ಟಳು. ಅವರು ಉಣ್ಣುತ್ತಿದ್ದಂತೆ ಉಜ್ಜನಪ್ಪ ತಲೆ ತಗ್ಗಿಸಿ ನಡೆದದ್ದೆಲ್ಲ ಹೇಳಿದ. ಅವ್ವನಿಗೆಂದು ಕಟ್ಟಿಕೊಂಡು ಬಂದದ್ದನ್ನು ಕೇಳಿ ಟಾಡಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟರು.

"ತಪ್ಪು ನನ್ನದು" ಎಂದರು ಆಮೇಲೆ. "ಅದು ಕರ್ತನ ಭೋಜನ, ನಂಬಿದವರಿಗಾಗಿ ಇರುವಂಥದು. ನಾನು ತಿಳಿಸಲಿಲ್ಲ. ಅರಿಯದೆ ತಿಂದದ್ದರಿಂದ ಯಾರೂ ಕ್ರೈಸ್ತರಾಗರು."

ಗಾಡಿ ಕಂಡು ಹೆಂಡತಿಯೊಂದಿಗೆ ಬಂದು ನಿಂತಿದ್ದ ಹುಲಿಯಪ್ಪ ಬಿಡಲಿಲ್ಲ. "ಹಂಗಾದ್ರೆ ಇವ್ನು ನಿಮ್ಮೋನಾಗೋದು ನಿಮಗೆ ಬ್ಯಾಡೇನ್ರಿ?"

ಬೇಡ ಅಂದುಬಿಡಲಿ ಎಂದು ಉಜ್ಜನಪ್ಪ ಇರುವ ದೇವರನ್ನೆಲ್ಲ ನೆನೆದ. ಒಂದೇ ಒಂದು ಮಾತು, ಕಾಲೇಜು ಉಳಿಯುತ್ತಿತ್ತು.

"ಬೇಕು" ಎಂದರು ಟಾಡಮ್ಮ. "ದಿನಾಲೂ ಅದಕ್ಕಾಗಿ ಪ್ರಾರ್ಥಿಸುತ್ತೇನೆ. ಆದರೆ ತಾನೇ ತಿಳಿದು ಬರಬೇಕು. ಬಾರದಿದ್ದರೂ ನನ್ನ ಶಿಷ್ಯನೇ."

ಮುಗಿಯಿತು ಕಾಲೇಜು ಅಂದುಕೊಂಡ ಉಜ್ಜನಪ್ಪ. ಉಡಚಮ್ಮ ಮಾತ್ರ ತಣ್ಣಗೆ ಇನ್ನೊಂದು ರೊಟ್ಟಿ ಬಡಿಸಿದಳು. "ಹುಲಿಯಪ್ಪ, ನೀ ಹೇಳ್ದಂಗಾದ್ರೆ ನಮ್ಮನೆ ರೊಟ್ಟಿ ಉಂಡ ಈಯಮ್ಮ ಈಗ ನಮ್ ಕುಲ ಆದ್ರಲ್ಲಪ್ಪ. ಹಟ್ಟಿ ತುಂಬ ಸಾರಿ ಬಾ, ಹೋಗು."

ಗಿರಿಯಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಮೈಲಪ್ಪ ಮೀಸೆ ತೀಡುತ್ತ ಬಹಳ ಹೊತ್ತು ಟಾಡಮ್ಮನನ್ನೇ ನೋಡಿದ.

"ಸುಳ್ಳು ಹೇಳಿದ್ರೆ ನಿಮ್ ಕೆಲ್ಸ ಹಗುರಾಗ್ತಿತ್ತು ತಾಯಿ, ಹೇಳ್ಲಿಲ್ಲ. ಇಂಥೋರ ಹತ್ರ ಕಲ್ತರೆ ಕೆಡಾಕಿಲ್ಲ" ಅಂದು ಮಗನ ಕಡೆ ತಿರುಗಿದ. "ಪುಸ್ತಕ ಎತ್ಕ. ಗಾಡಿ ಹೆಂಗೂ ಐತೆ."

ಆ ವರ್ಷ ಉಜ್ಜನಪ್ಪ ಪಾಸಾದ. ಬಿ.ಎ. ಮುಗಿಸಿ ಮೇಷ್ಟ್ರಾದ. ಹಿಂದುಳಿದ ಹುಡುಗರನ್ನು ಹುಡುಕಿಕೊಂಡು ಅವರ ಹಳ್ಳಿಗೇ ಹೋಗುತ್ತಿದ್ದ ಮೇಷ್ಟ್ರು ತಾಲ್ಲೂಕಿನಲ್ಲಿ ಅವನೊಬ್ಬನೇ. ಕ್ರೈಸ್ತನಾಗಲಿಲ್ಲ.

ಅರವತ್ತಾರರಲ್ಲಿ ಟಾಡಮ್ಮ ತಮ್ಮ ದೇಶಕ್ಕೆ ಹೊರಟರು. ರೈಲು ಹರಿಹರದಲ್ಲಿ ನಿಂತಾಗ ಉಜ್ಜನಪ್ಪ ಕಿಟಕಿಯ ಸರಳು ಹಿಡಿದು ನಿಂತಿದ್ದ.

"ಈಗಲೂ ಇಲ್ಲವೋ, ಉಜ್ಜನಪ್ಪ?"

"ಇಲ್ರಿ, ಮೇಡಂ."

"ಒಳ್ಳೇದು. ಅಲ್ಲಿಂದಲೂ ಪ್ರಾರ್ಥಿಸಲೋ?"

"ನಿಲ್ಲಿಸಬ್ಯಾಡ್ರಿ" ಅಂದ ಉಜ್ಜನಪ್ಪ. "ದಿನಾ ನನ್ ಹೆಸ್ರು ಹಿಡಿದು ದೇವ್ರ ಮುಂದೆ ನಿಲ್ಲೋರು, ಅವ್ವನ ಬಿಟ್ರೆ ನೀವೊಬ್ರೇ."